ಬೆಟ್ಟದಲ್ಲಿ ಕೇಳಿದ ನನ್ನ ದನಿ

ದೆವ್ವ, ಗಾಳಿ, ಪೀಡೆ ಎನ್ನುವುದನ್ನೆಲ್ಲ ನಾನು ನಂಬಿದವಳಲ್ಲ. ಇಂಥ ಅನುಭವಗಳನ್ನು ಯಾರಾದರೂ ಬರೆದಿದ್ದರೆ, ಹೊಟ್ಟೆ ಬಿರಿಯ ಉಂಡು ಮಲಗಿದವರ ಕನಸು ಎಂದು ನಕ್ಕು ಪುಟ ತಿರುಗಿಸುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ತುಮಕೂರಿನ ಅಂತರಸನಹಳ್ಳಿಯ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ತೆಂಗಿನಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ ಮಾಡುತ್ತೇನೆ. ಬರೆದು ಅಭ್ಯಾಸವಿಲ್ಲ. ಕಾಗುಣಿತವನ್ನು ಮಗಳು ತಿದ್ದಿಕೊಟ್ಟಿದ್ದಾಳೆ. ಆದರೂ ಬರೆಯಲು ಕೂತದ್ದು ಏಕೆಂದರೆ, ಹೇಳಬೇಕಾದವನಿಗೆ ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ.

ನಮ್ಮ ತವರು ಗುಬ್ಬಿ ಹತ್ತಿರದ ಒಂದು ಹಳ್ಳಿ. ನಾನು ಮತ್ತು ನನ್ನ ತಮ್ಮ ಲೋಕೇಶ, ಇಬ್ಬರೇ ಮಕ್ಕಳು. ಅಪ್ಪ ಬೇಗ ಹೋದರು. ಅವ್ವ ಕೂಲಿಗೆ ಹೋದರೆ ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ಅಜ್ಜಿ. ಅಜ್ಜಿಯದೊಂದು ಕಟ್ಟಳೆ ಇತ್ತು. ಮಟಮಟ ಮಧ್ಯಾಹ್ನವಾಗಲಿ, ಕತ್ತಲಾದ ಮೇಲಾಗಲಿ, ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಕರೆಗೆ ಓಗೊಡಬಾರದು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮೂರನೆಯ ಸಲಕ್ಕೆ ‘ಓ’ ಅನ್ನಬೇಕು. ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಈ ಮಾತಿದೆ, ನೀವೂ ಕೇಳಿರುತ್ತೀರಿ. ಲೋಕೇಶ ಮಹಾ ತುಂಟ. ಆಟ ಮುಗಿಸಿ ಓಡಿ ಬಂದವನು ಅಗುಳಿ ಹಾಕಿದ ಬಾಗಿಲ ಮುಂದೆ ನಿಂತು, “ಅಕ್ಕ, ಅಕ್ಕ, ಅಕ್ಕ, ಮೂರಾಯ್ತು, ತೆಗಿ!” ಎಂದು ಒಂದೇ ಉಸಿರಿಗೆ ಕೂಗುತ್ತಿದ್ದ. ಒಳಗಿನಿಂದ ಅಜ್ಜಿ, “ಇವ್ನೇ ಒಂದ್ ದೆವ್ವ, ಇವ್ನ್ ತಾವ ಇನ್ಯಾವ ದೆವ್ವ ಬಂದಾತು ಬುಡು” ಎಂದು ನಗುತ್ತಿದ್ದಳು.

ಅಂಥವನಿಗೆ ದಿಗಿಲು ಹತ್ತಿಕೊಂಡಿತು ಎಂದರೆ ಯಾರು ನಂಬುತ್ತಾರೆ? ಅವನು ಲಗೇಜ್ ಆಟೊ ಓಡಿಸುತ್ತಿದ್ದ. ಗುಬ್ಬಿ ಸುತ್ತಿನ ತೋಟಗಳಿಂದ ಎಳನೀರು ತುಂಬಿಕೊಂಡು ತುಮಕೂರಿಗೆ ತರುತ್ತಿದ್ದ. ಒಂದು ಬೆಳಗ್ಗೆ, ಮುಂದೆ ಲಾರಿಯಿಲ್ಲ, ಹಿಂದೆ ಹಾರನ್ ಇಲ್ಲ, ಖಾಲಿ ರಸ್ತೆಯಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತಂತೆ. ಕೈಬೆರಳು ತಣ್ಣಗಾದವು. ಸ್ಟೇರಿಂಗು ಹಿಡಿದಿರುವ ಕೈ ತನ್ನದಲ್ಲ ಅನ್ನಿಸಿತು. ಈಗಲೇ ಸತ್ತೆ ಎಂದು ಆಟೊವನ್ನು ರಸ್ತೆಯ ಮಧ್ಯದಲ್ಲೇ ಬಿಟ್ಟು ಇಳಿದು, ಮೋರಿಯ ಮೇಲೆ ಕೂತುಬಿಟ್ಟನಂತೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದು ಕಳಿಸಿದರು. ಆದರೆ ಅದು ಮತ್ತೆ ಬಂತು. ಸಂತೆಯಲ್ಲಿ ಬಂತು, ಉಣ್ಣಲು ಕೂತಾಗ ಬಂತು. ಬರುವುದಕ್ಕಿಂತ, ಎಲ್ಲಿ ಬಂದೀತೋ ಎಂಬುದೇ ಅವನನ್ನು ಹೆಚ್ಚು ತಿಂದಿತು.

ಅವ್ವ ಕುಡುಗೋಲನ್ನು ಕೆಂಪಗೆ ಕಾಯಿಸಿ ಮಜ್ಜಿಗೆಯಲ್ಲಿ ಅದ್ದಿ, ಆ ಮಜ್ಜಿಗೆಯನ್ನು ಕುಡಿಸಿದಳು. ಬೆಚ್ಚಿಬಿದ್ದ ಮಕ್ಕಳಿಗೆ ನಮ್ಮಲ್ಲಿ ಮಾಡುವ ಮದ್ದು ಅದು. ಊರಿನವರು “ಗಂಡ್ಸಾಗಿ ಹಿಂಗ್ ಹೆದ್ರುತಾನಲ್ಲ” ಎಂದು ಆಡಿಕೊಂಡರು. ನಾನು ಅವರಿಗಿಂತ ಕಡಿಮೆಯವಳೇನಲ್ಲ. “ದುಡಿಯಾಕ್ ಮೈ ಬಗ್ಗಲ್ಲ, ಅದ್ಕೇ ಈ ನಾಟ್ಕ” ಎಂದು ಅವನ ಹೆಂಡತಿ ಮಂಜುಳಾಗೆ ಹೇಳಿದೆ. ಅವನು ಬಾಗಿಲ ಮರೆಯಲ್ಲೇ ಇದ್ದ. ಕೇಳಿಸಿಕೊಂಡ. ಆಮೇಲೆ ಆಟೊ ಮಾರಿ, ಹೆಂಡತಿಯ ಊರಾದ ಹುಲಿಯೂರುದುರ್ಗಕ್ಕೆ ಹೋಗಿ, ಮಾವನ ಹಿಟ್ಟಿನ ಮಿಲ್ಲಿನಲ್ಲಿ ನಿಂತ.

ಕುಣಿಗಲ್‌ನಲ್ಲಿ ಒಬ್ಬರು ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದರಂತೆ. ಇದು ಹುಚ್ಚಲ್ಲ, ನಾಟಕವಲ್ಲ, ಗಾಳಿಯೂ ಅಲ್ಲ. ಕಳ್ಳ ಬರದಿದ್ದರೂ ಕೆಲವು ನಾಯಿ ಬೊಗಳುತ್ತವಲ್ಲ, ಹಾಗೆ ಅಪಾಯವಿಲ್ಲದಿದ್ದರೂ ಮೈ ಕೂಗಿಕೊಳ್ಳುತ್ತದೆ. ಮಾತ್ರೆ ಕೊಟ್ಟರು. ಅದು ಬಂದಾಗ ಓಡಬೇಡ, ಕೂತುಕೋ, ಪಾದವನ್ನು ನೆಲಕ್ಕೆ ಊರು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು, ನಿನ್ನವರು ಯಾರಾದರೂ ಒಬ್ಬರ ದನಿ ಕೇಳು, ಬಂದ ಹಾಗೆಯೇ ಹೋಗುತ್ತದೆ ಎಂದೂ ಹೇಳಿದರು. ಆ ಒಬ್ಬರು ಯಾರು ಎಂದು ಕೇಳಿದಾಗ ಅವನು ಹೆಂಡತಿಯ ಹೆಸರು ಹೇಳಲಿಲ್ಲ, ಅವ್ವನ ಹೆಸರು ಹೇಳಲಿಲ್ಲ. ನಾಟಕ ಅಂದವಳ ಹೆಸರು ಹೇಳಿದ.

ಮೊದಮೊದಲು ಚೆನ್ನಾಗಿಯೇ ಮಾತಾಡಿದೆ. “ಬರ್ತಾ ಐತೆ ಕಣಕ್ಕ” ಎಂದು ಫೋನಿನಲ್ಲಿ ಪಿಸುಗುಟ್ಟುತ್ತಿದ್ದ.

“ಬರ್ಲಿ ಬುಡು. ಅದೇನ್ ನೆಂಟ್ರಾ, ಕಾಲಿಗ್ ನೀರ್ ಕೊಡಾಕೆ? ಬರ್ತದೆ, ಹೋಯ್ತದೆ. ಏನ್ಲಾ ಸಾರು ಇವತ್ತು?” ಎಂದರೆ ಆ ಕಡೆಯಿಂದ ನಗು ಬರುತ್ತಿತ್ತು. “ಹುಳ್ಳಿಕಾಳ್ ಸಾರು ಕಣಕ್ಕ” ಎನ್ನುವಷ್ಟರಲ್ಲಿ ಅವನ ದನಿ ಅವನಿಗೆ ಸಿಕ್ಕಿರುತ್ತಿತ್ತು.

ಆದರೆ ಅದು ದಿನದ ಮಾತಾಯಿತು. ದಿನವಿಡೀ ಹೆರೆದು, ಬೆರಳೆಲ್ಲ ಕಾಯಿನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಫೋನು. ಒಲೆಯ ಮುಂದೆ ನಿಂತರೆ ಫೋನು. ಮಗಳ ಜೊತೆ ಎರಡು ಮಾತಾಡೋಣ ಎಂದರೆ ಫೋನು. ಅವನ ಹೆಸರು ಕಂಡಾಗ ಫೋನನ್ನು ಬೋರಲು ಹಾಕುವುದನ್ನು ಕಲಿತೆ. ಮಾರನೆಯ ದಿನ “ಕೆಲ್ಸದಲ್ಲಿದ್ದೆ ಕಣೋ” ಅನ್ನುತ್ತಿದ್ದೆ. “ಇರ್ಲಿ ಬುಡಕ್ಕ, ಹಂಗೇ ಹೋಯ್ತು” ಅನ್ನುತ್ತಿದ್ದ.

ಅವತ್ತು ನನಗೆ ರಜೆ. ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಯಜಮಾನರು ಕೆಲಸಕ್ಕೆ ಹೋಗಿದ್ದರು, ಮಗಳು ಗೆಳತಿಯ ಮನೆಯಲ್ಲಿದ್ದಳು. ತುಮಕೂರಿನಲ್ಲಿ, ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಊಟವಾಗಿ ಚಾಪೆ ಹಾಸಿಕೊಳ್ಳುವಾಗ ಫೋನು ಬಂತು. ಲೋಕೇಶ. ಅದರ ಸದ್ದು ಅಡಗಿಸಿ, ಮಡಚಿಟ್ಟ ಹಾಸಿಗೆಯೊಳಗೆ ತುರುಕಿ ಮಲಗಿದೆ. ಇಲ್ಲಿಯವರೆಗೆ ನಡೆದದ್ದರಲ್ಲಿ ವಿಚಿತ್ರ ಏನೂ ಇಲ್ಲ. ನನ್ನ ತಪ್ಪು ಮಾತ್ರ ಇದೆ.

ಫ್ಯಾನು ತಿರುಗುತ್ತಿತ್ತು. ಗವಾಕ್ಷಿಯಿಂದ ಬಿದ್ದ ಬಿಸಿಲು ಗೋಡೆಯ ಮೇಲೆ ಚೌಕವಾಗಿ ನಿಂತಿತ್ತು. ಆ ಬಿಸಿಲ ಕೋಲಿನಲ್ಲಿ ಧೂಳಿನ ಕಣಗಳು ಕೆರೆಯ ಮರಿಮೀನುಗಳ ಹಾಗೆ ಮೇಲೆ ಕೆಳಗೆ ಆಡುತ್ತಿದ್ದವು. ನೋಡುತ್ತ ನೋಡುತ್ತ ಬೀದಿಯ ಸದ್ದು ದೂರವಾಯಿತು. ತರಕಾರಿ ಗಾಡಿಯವನ ಕೂಗು ಇನ್ಯಾವುದೋ ಊರಿನಿಂದ ಬಂದಂತೆ ಕೇಳಿ ನಿಂತಿತು. ಆಮೇಲೆ ಫ್ಯಾನಿನ ಸದ್ದೂ ಇಲ್ಲ. ಅದು ತಿರುಗುತ್ತಿರುವುದು ಕಾಣುತ್ತಿತ್ತು, ಗಾಳಿ ಮೈಗೆ ತಾಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಕರೆಂಟು ಹೋಗಿದೆಯೇನೋ ಎಂದುಕೊಂಡೆ, ಹೋಗಿದ್ದರೆ ಫ್ಯಾನು ಹೇಗೆ ತಿರುಗುತ್ತದೆ ಎಂದೂ ಅಂದುಕೊಂಡೆ. ಇಷ್ಟು ಯೋಚಿಸುವವಳು ನಿದ್ದೆಯಲ್ಲಿ ಇರಲು ಸಾಧ್ಯವೇ? ಇರಬಹುದೇನೋ. ನಾನು ಎದ್ದೇ ಇದ್ದೆ ಎಂದು ಆಣೆ ಮಾಡಲಾರೆ.

“ಅಕ್ಕಾ.”

ಹಿತ್ತಲಿನಿಂದ, ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ. ಒಂದೇ ಸಲ. ಕೂಗಿದ್ದಲ್ಲ, ಅತ್ತದ್ದೂ ಅಲ್ಲ. ಕತ್ತಲಲ್ಲಿ ಮಗು ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ತಡವಿ ನೋಡುತ್ತದಲ್ಲ, ಹಾಗೆ ಇತ್ತು ಆ ದನಿ. ಲೋಕೇಶನದೇ. ಅನುಮಾನವೇ ಇಲ್ಲ.

ನನ್ನ ಮೈ ಹಿಡಿದುಕೊಂಡಿತು. ಬೆರಳ ತುದಿಯಿಂದ ತಣ್ಣಗೆ ಏನೋ ಏರಿ ಬಂತು. ಎದೆ ಕಿವಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ಗೋಡೆ, ಚಾಪೆ, ನನ್ನ ಕೈ ಎಲ್ಲವೂ ಇದ್ದಲ್ಲೇ ಇದ್ದವು, ಆದರೆ ಯಾವುದೂ ನನ್ನದಲ್ಲ ಅನ್ನಿಸಿತು. ಅವನು ಫೋನಿನಲ್ಲಿ ವರ್ಣಿಸುತ್ತಿದ್ದದ್ದು ಇದನ್ನೇ. ನಾನು ನಾಟಕ ಅಂದದ್ದು ಇದನ್ನೇ.

ಓಗೊಡಬಹುದಿತ್ತು. ನಾಲಿಗೆ ಕಟ್ಟಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಹೆದರಿಕೆಗೆ ಬಾಯಿ ಬರಲಿಲ್ಲ ಎಂದು ನೀವು ನನ್ನನ್ನು ಕ್ಷಮಿಸಿಬಿಡುತ್ತೀರಿ. ಆ ದಿಗಿಲಿನ ನಡುವೆಯೂ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಓ ಅಂದರೆ ಏಳಬೇಕು, ಎದ್ದರೆ ಅವನ ಗೋಳು ಕೇಳಬೇಕು, ಇವತ್ತೊಂದು ದಿನವಾದರೂ ಬೇಡ. ಅಷ್ಟರಲ್ಲಿ ಅಜ್ಜಿಯ ಕಟ್ಟಳೆ ನೆನಪಿಗೆ ಬಂತು. ಒಂದೇ ಕರೆಗೆ ಓಗೊಡಬಾರದು. ನಿಜವಾಗಿ ಅವನೇ ಆಗಿದ್ದರೆ ಇನ್ನೊಂದು ಸಲ ಕರೆಯಲಿ. ದೆವ್ವವನ್ನು ನಂಬದ ನಾನು, ತಮ್ಮನನ್ನು ತಪ್ಪಿಸಿಕೊಳ್ಳಲು ದೆವ್ವದ ಮಾತನ್ನು ಹಿಡಿದುಕೊಂಡು ಸುಮ್ಮನೆ ಮಲಗಿದೆ. ಅವನು ಮತ್ತೆ ಕರೆಯಲಿಲ್ಲ.

ಎಷ್ಟು ಹೊತ್ತು ಹಾಗೆ ಇದ್ದೆನೋ. ಫ್ಯಾನಿನ ಸದ್ದು ತಟ್ಟನೆ ವಾಪಸ್ಸು ಬಂತು. ಎದ್ದು ಹಿತ್ತಲ ಬಾಗಿಲು ತೆಗೆದೆ. ಒಗೆಯುವ ಕಲ್ಲು ಒಣಗಿತ್ತು. ಪಕ್ಕದ ಮನೆಯ ಗೌರಮ್ಮ ಮಾಳಿಗೆಯ ಮೇಲೆ ಹಪ್ಪಳ ತಿರುವಿ ಹಾಕುತ್ತಿದ್ದರು. “ಯಾರಾದ್ರೂ ಬಂದಿದ್ರಾ ಗೌರಮ್ನೋರೇ?” ಎಂದೆ.

“ಯಾರೂ ಇಲ್ಲ ಕಣವ್ವ, ಊಟ ಆದಾಗಿಂದ ಇಲ್ಲೇ ಇದೀನಿ. ಯಾಕೆ, ಮುಖ ಹಂಗ್ ಬಿಳುಚ್ಕೊಂಡೈತೆ?”

ಹಾಸಿಗೆಯಿಂದ ಫೋನು ತೆಗೆದು ಅವನಿಗೆ ಮಾಡಿದೆ. ಸ್ವಿಚ್ ಆಫ್. ಮಂಜುಳಾಗೆ ಮಾಡಿದೆ. “ಬೆಟ್ಟದ ಕಡೀಕ್ ಹೋದ್ರು ಅತ್ಗೆ, ಡಾಕ್ಟ್ರಮ್ಮ ದಿನಾ ನಡೀರಿ ಅಂದವ್ರಲ್ಲ. ಇಷ್ಟೊತ್ಗೆ ಬರ್ಬೇಕಿತ್ತು” ಎಂದಳು. ಅವಳ ಹಿಂದೆ ಮಿಲ್ಲು ಓಡುವ ಸದ್ದು ಕೇಳುತ್ತಿತ್ತು. ಅವಳಿಗಿನ್ನೂ ಆತಂಕವಾಗಿರಲಿಲ್ಲ. ನನಗೆ ಮಾತ್ರ ಆ ‘ಅಕ್ಕಾ’ ಅವನ ಕೊನೆಯ ಕರೆ ಎಂದು ಖಾತ್ರಿಯಾಗಿಹೋಯಿತು. ಮನೆಗೆ ಬೀಗ ಹಾಕಿದೆನೋ ಇಲ್ಲವೋ, ಫೋನನ್ನೂ ಚಾಪೆಯ ಮೇಲೆಯೇ ಮರೆತು, ಆಟೊ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ.

ಆ ಬಸ್ಸಿನ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಕಿಟಕಿಯಾಚೆ ಹೊಲ, ತೋಟ, ಹಸು ಹಿಡಿದ ಹೆಂಗಸರು, ಎಲ್ಲ ಗಾಜಿನ ಆಚೆಗಿನ ಲೋಕದವರಂತೆ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿದ್ದರು. ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಇಳಿದು ಓಡಬೇಕು ಅನ್ನಿಸಿತು, ಎಲ್ಲಿಗೆ ಎಂದು ಗೊತ್ತಿಲ್ಲ. ಆಗ ಡಾಕ್ಟರಮ್ಮ ಅವನಿಗೆ ಹೇಳಿದ್ದನ್ನು ನಾನು ಮಾಡಿದೆ. ಚಪ್ಪಲಿ ಬಿಟ್ಟು ಪಾದವನ್ನು ಬಸ್ಸಿನ ತಗಡಿಗೆ ಊರಿದೆ. ಉಸಿರನ್ನು ನಿಧಾನವಾಗಿ ಬಿಟ್ಟೆ. ಯಾರದ್ದಾದರೂ ದನಿ ಕೇಳಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಮಲ್ಲಿಗೆ ಮುಡಿದ ಹೆಂಗಸಿಗೆ, “ಏನಾದ್ರೂ ಮಾತಾಡಮ್ಮ” ಎಂದೆ. ಆಕೆ ನನ್ನನ್ನು ಒಮ್ಮೆ ನೋಡಿ, ಯಾಕೆ ಏನು ಎಂದು ಕೇಳದೆ, ತನ್ನ ನಾದಿನಿಯನ್ನು ಬೈಯಲು ಶುರು ಮಾಡಿದಳು. ನಾದಿನಿಯ ಸೀರೆ, ನಾದಿನಿಯ ಬಾಯಿ, ನಾದಿನಿ ಮಾಡುವ ಉಪ್ಪಿಲ್ಲದ ಸಾರು. ಕುಣಿಗಲ್ ಹತ್ತಿರ ಬರುವವರೆಗೆ ಬೈದಳು. ಅಷ್ಟರಲ್ಲಿ ದಿಗಿಲು ಇಳಿದಿತ್ತು, ಸಂಕಟ ಮಾತ್ರ ಉಳಿದಿತ್ತು. ಗುರುತಿಲ್ಲದವಳು ನನಗೆ ಕೊಟ್ಟದ್ದನ್ನು ನಾನು ಒಡಹುಟ್ಟಿದವನಿಗೆ ಕೊಡಲಿಲ್ಲವಲ್ಲ ಎಂದು ಅಲ್ಲಿಂದ ಹುಲಿಯೂರುದುರ್ಗದವರೆಗೂ ಅತ್ತೆ.

ಬಸ್ಸು ಇಳಿದಾಗ ಹೊತ್ತು ಮುಳುಗುತ್ತಿತ್ತು. ಬೆಟ್ಟದ ಬಂಡೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಓಡಿಕೊಂಡು ಮಿಲ್ಲಿನ ಹತ್ತಿರ ಹೋದರೆ, ಲೋಕೇಶ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದ. ಮೊಣಕೈ ತರಚಿತ್ತು, ಪ್ಯಾಂಟು ಹಿಂದೆ ಹರಿದಿತ್ತು. ನನ್ನನ್ನು ಕಂಡು ನಕ್ಕ.

“ತುಮ್ಕೂರಿಂದ್ಲೇ ಓ ಅಂದ್ಯಲ್ಲಕ್ಕ, ಸಾಕಾಗಿತ್ತು. ಬಸ್ ಹತ್ಕೊಂಡ್ ಬೇರೆ ಬಂದಾ?”

ನಾನು ಅಲ್ಲೇ ಕೂತುಬಿಟ್ಟೆ. ಅವನು ಹೇಳಿದ್ದು ಇಷ್ಟು. ಬೆಟ್ಟ ಹತ್ತುತ್ತ ಹೋಗಿ, ಬರೀ ಬಂಡೆಯಿರುವ ಜಾರಿನಲ್ಲಿ ಅವನಿಗೆ ದಿಗಿಲು ಬಂತು. ಮೇಲಕ್ಕೂ ಹೋಗಲಾಗದು, ಕೆಳಕ್ಕೂ ಇಳಿಯಲಾಗದು. ನನಗೆ ಫೋನು ಮಾಡಿದ. ನಾನು ಎತ್ತಲಿಲ್ಲ. ಬೆವರಿದ ಕೈಯಿಂದ ಫೋನು ಜಾರಿ ಬಂಡೆಯ ಮೇಲೆ ಉರುಳಿಕೊಂಡು ಹೋಯಿತು. ಅದು ಹೋಗುವುದನ್ನು ನೋಡುತ್ತ ತಾನೂ ಅದರ ಹಿಂದೆ ಹೋಗುತ್ತೇನೆ ಅನ್ನಿಸಿತಂತೆ. ಕಾಲು ನಡುಗಿ ಸಡಿಲವಾಗುತ್ತಿತ್ತು. ಕಣ್ಣು ಮುಚ್ಚಿ ಒಂದು ಸಲ ‘ಅಕ್ಕಾ’ ಅಂದ.

“ಓ, ಬಂದೆ ಕಣೋ, ಕೂತ್ಕೊ ಅಲ್ಲೇ, ಅಂದೆ ನೀನು. ಕೆಳಗ್ಲಿಂದ, ಚೆನ್ನಾಗ್ ಕೇಳಿಸ್ತು. ಕೂತ್ಕೊಂಡೆ. ಬರ್ತೀಯ ಅಂತ ಕಾಯ್ತಾ ಕಾಯ್ತಾ ಅದೂ ಹೊಂಟೋಯ್ತು. ಆಮೇಲ್ ಕುಂಡಿ ಊರ್ಕೊಂಡೇ ಜಾರ್ಕೊಂಡ್ ಬಂದೆ, ನೋಡು ಪ್ಯಾಂಟ್ ಗತಿ.”

ಮಂಜುಳಾ ನಗುತ್ತ ನನ್ನ ಕೈಗೆ ಟೀ ಲೋಟ ಕೊಟ್ಟಳು. “ಅತ್ಗೆ ಇಲ್ದಿದ್ರೆ ಇವ್ರು ಇವತ್ತು ಇರ್ತಿರ್ಲಿಲ್ಲ” ಎಂದಳು. ನಾನು ತಲೆ ತಗ್ಗಿಸಿ ಟೀ ಕುಡಿದೆ.

ಅವತ್ತು ಅಲ್ಲೇ ಉಳಿದೆ. ಭ್ರಮೆ, ಪಾಪ, ಹೆದರಿದವನ ಕಿವಿ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬೆಳಗ್ಗೆ ಒಬ್ಬ ಮುದುಕಿ ರಾಗಿ ಬೀಸಿಸಲು ಬಂದಳು. ಬೆಟ್ಟದ ಬುಡದಲ್ಲಿ ಆಡು ಮೇಯಿಸುವವಳು. ನಾನು ಒಳಗಿನಿಂದ ಮಂಜುಳಾಗೆ ಏನೋ ಕೂಗಿ ಹೇಳಿದ್ದನ್ನು ಕೇಳಿ ಬಗ್ಗಿ ನೋಡಿದಳು.

“ನೆನ್ನೆ ಬಂಡೆ ತಾವ ಓ ಅಂದೋಳು ನೀನೇ ಅಲ್ವೇನವ್ವ? ತಿರುಗ್ ನೋಡೋಷ್ಟ್ರಲ್ಲಿ ಅದ್ಯಾವ್ ಮಾಯದಾಗ್ ಹೋದೆ?”

ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಲೋಕೇಶ ಅಲ್ಲೇ ನಿಂತಿದ್ದ. ರೆಪ್ಪೆಯ ಮೇಲೆಲ್ಲ ರಾಗಿ ಹಿಟ್ಟು ಕೂತಿತ್ತು. “ನಾನ್ ಹೇಳ್ಲಿಲ್ವಾ!” ಎಂದು ಖುಷಿಯಿಂದ ನನ್ನನ್ನು ನೋಡಿದ. ಬಾಯಿ ಮುಚ್ಚಿಕೊಂಡೆ.

ಆಮೇಲೆ ಎಷ್ಟೋ ಯೋಚಿಸಿದ್ದೇನೆ. ಬಂಡೆಗೆ ತಾಗಿ ಅವನ ದನಿಯೇ ತಿರುಗಿ ಬಂದಿರಬಹುದು. ಯಾವಳೋ ತನ್ನ ಮಗನಿಗೆ ಓಗೊಟ್ಟಿರಬಹುದು, ಮುದುಕಿ ಅದನ್ನೇ ಕೇಳಿರಬಹುದು. ನಾನು ಕೇಳಿದ್ದು ತಪ್ಪು ಮಾಡಿದವಳ ಮಂಪರು ಇರಬಹುದು. ಒಂದೊಂದನ್ನೇ ತೆಗೆದುಕೊಂಡರೆ ಒಂದೊಂದಕ್ಕೂ ಕಾರಣ ಸಿಗುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟರೆ ಸಿಗುವುದಿಲ್ಲ.

ಲೋಕೇಶ ಅವತ್ತಿನಿಂದ ಚೇತರಿಸಿಕೊಳ್ಳುತ್ತ ಬಂದ. ಮಾತ್ರೆಯೂ ಇತ್ತು, ಡಾಕ್ಟರಮ್ಮನೂ ಇದ್ದರು. ಆದರೆ ಅವನು ಹೇಳುವುದು ಬೇರೆ. ದಿಗಿಲು ಬಂದಾಗ ಈಗ ಫೋನು ಮಾಡುವುದಿಲ್ಲ. ಕೂತು, ಪಾದ ಊರಿ, ಅವತ್ತಿನ ಆ ‘ಓ’ವನ್ನು ನೆನೆಸಿಕೊಳ್ಳುತ್ತಾನಂತೆ. ಕೆಲವು ವರ್ಷದ ಮೇಲೆ ಮತ್ತೆ ಆಟೊ ತೆಗೆದುಕೊಂಡ. ತನ್ನಂತೆ ನರಳುವವರು ಸಿಕ್ಕರೆ ಕೂರಿಸಿಕೊಂಡು, ನಾಚಬೇಡಿ, ಡಾಕ್ಟರ ಹತ್ತಿರ ಹೋಗಿ, ನಿಮ್ಮವರನ್ನು ಕರೆಯಿರಿ ಎಂದು ಹೇಳಿ, ಕೊನೆಗೆ ನನ್ನ ಕಥೆ ಹೇಳುತ್ತಾನೆ. ಎದುರಿಗಿದ್ದರೆ ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಅನ್ನುತ್ತಾರೆ.

ಹೋದ ವರ್ಷ ಅವ್ವನ ಕಣ್ಣಿನ ಆಪರೇಷನ್ ಆದಾಗ ಇಬ್ಬರೂ ಗುಬ್ಬಿಗೆ ಹೋಗಿದ್ದೆವು. ಅವ್ವ ಒಳಗೆ ಮಲಗಿದ್ದಳು. ನಾವು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಇವತ್ತು ಹೇಳಿಬಿಡಬೇಕು ಅನ್ನಿಸಿತು.

“ಲೋಕಿ, ಅವತ್ತು ನೀನ್ ಕರ್ದಿದ್ದು ನಂಗ್ ಕೇಳಿಸ್ತು ಕಣೋ. ಮನೇಲೇ ಕೇಳಿಸ್ತು. ಆದ್ರೆ ನಾನು ಓ ಅನ್ಲಿಲ್ಲ. ಬೇಕಂತ್ಲೇ ಸುಮ್ನಿದ್ದೆ.”

ಅವನು ಮೊದಲು ನಕ್ಕ. “ಹೋಗಕ್ಕ” ಅಂದ. ನಾನು ನಗಲಿಲ್ಲ. ಅವನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

“ಹಂಗಾದ್ರೆ ಅದ್ಯಾರಕ್ಕ?”

ನೋಡುತ್ತಿದ್ದಂತೆ ಅವನ ತುಟಿಯ ಬಣ್ಣ ಹೋಯಿತು. ಅಂಗೈ ತಾನಾಗಿಯೇ ಎದೆಯ ಮೇಲೆ ಬಂದು ಕೂತಿತು. ಕಣ್ಣು ನನ್ನನ್ನು ದಾಟಿ, ಇನ್ನೇನನ್ನೋ ನೋಡತೊಡಗಿತು. ಇಷ್ಟು ವರ್ಷ ಅವನು ಕಾಲೂರಿ ನಿಂತ ನೆಲವನ್ನು ನಾನು ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಎಳೆದುಬಿಟ್ಟಿದ್ದೆ.

“ತಮಾಸೆಗಂದೆ ಕಣೋ!” ಎಂದು ಅವನ ಬೆನ್ನಿಗೆ ಗುದ್ದಿದೆ. “ನಾನಲ್ದೆ ಇನ್ಯಾರ್ ಬತ್ತಾರೆ ನಿಂಗೆ ಓ ಅನ್ನಾಕೆ? ನಾನೇ ಅಂದಿದ್ದು.”

ಅವನು ಉದ್ದಕ್ಕೆ ಉಸಿರು ಬಿಟ್ಟ. ಬಣ್ಣ ನಿಧಾನವಾಗಿ ತಿರುಗಿ ಬಂತು. “ಇಂಥಾದ್ರಲ್ಲೆಲ್ಲ ತಮಾಸೆ ಮಾಡ್ತಾರೇನಕ್ಕ? ಜೀವ ಹೋಗಿತ್ತು” ಎಂದು ನನ್ನ ಮೇಲೆ ಸಿಪ್ಪೆ ಎಸೆದು ಮತ್ತೆ ಕಾಯಿ ಸುಲಿಯತೊಡಗಿದ.

ಇನ್ನು ಅವನಿಗೆ ನಾನು ಹೇಳುವುದಿಲ್ಲ. ಅವನು ಓದುವ ಪೈಕಿಯಲ್ಲ, ಇದು ಅವನ ಕೈಗೆ ಸಿಗುವುದಿಲ್ಲ ಎಂದು ನಂಬಿ ನಿಮಗೆ ಹೇಳಿದ್ದೇನೆ. ರಜೆಯ ದಿನ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದಾಗ ಒಮ್ಮೊಮ್ಮೆ ನನಗೂ ಬೆರಳು ತಣ್ಣಗಾಗುತ್ತವೆ. ಪಾದ ಊರಿ ಕೂರುತ್ತೇನೆ, ಉಸಿರು ಬಿಡುತ್ತೇನೆ, ಹೋಗುತ್ತದೆ. ಆ ಪ್ರಶ್ನೆ ಮಾತ್ರ ಹೋಗುವುದಿಲ್ಲ. ಅವತ್ತು ಆ ಬಂಡೆಯ ಕೆಳಗೆ ನಿಂತು ನನ್ನ ತಮ್ಮನಿಗೆ ಓಗೊಟ್ಟವರು ಯಾರೋ ನನಗೆ ತಿಳಿಯದು. ಆ ದನಿ ನನ್ನದಾಗಿರಬೇಕಿತ್ತು ಎಂಬುದು ಮಾತ್ರ ತಿಳಿದಿದೆ.